ಬಂದರಿನ ಗೋಡೆಯ ಸಿಟ್ಟಿನ ಹೆಂಗಸು

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ಗೋಡೆಗಳ ಮೇಲೆ ಕಾವಿ ಚಿತ್ರ ಬಿಡಿಸುತ್ತಿದ್ದರು. ದೇವರನ್ನು ಬಿಡಿಸಿದರೆ ಜನ ಕೈಮುಗಿಯುತ್ತಿದ್ದರು, ದುಡಿಯುವವರನ್ನು ಬಿಡಿಸಿದರೆ ಪೊಲೀಸರು ಬರುತ್ತಿದ್ದರು. ಅಪ್ಪನಿಗೆ ಎರಡನೆಯದೇ ಇಷ್ಟ, ಏನು ಮಾಡುವುದು!

ಆ ವರ್ಷ ಬೀಡಿ ಕಟ್ಟುವ ಹೆಂಗಸರು ಕೆಲಸ ನಿಲ್ಲಿಸಿದ್ದರು. ಚೆನ್ನಾಗಿ ಕಟ್ಟಿದ ಬೀಡಿಯನ್ನೂ ಕಂಟ್ರಾಕ್ಟರ ಸರಿಯಿಲ್ಲವೆಂದು ಮುರಿದು ಬಿಸಾಡಿ ಕೂಲಿ ಕಡಿಯುತ್ತಿದ್ದ. ನಮ್ಮ ಅಕ್ಕನೂ ಬೀಡಿ ಕಟ್ಟುವವಳೇ. ಬಂದರಿನಲ್ಲಿ ಅವನ ಅಂಗಡಿಯ ಎದುರಿಗಿದ್ದ ಗೋದಾಮಿನ ಯಜಮಾನರು ಒಪ್ಪಿದ್ದರಿಂದ, ಅಪ್ಪ ಅದರ ಗೋಡೆಯ ಮೇಲೆ ಆ ಹೆಂಗಸರ ಚಿತ್ರ ಶುರುಮಾಡಿದರು.

ಕಾವಿ ಕೆಲಸಕ್ಕೆ ಗಡಿಬಿಡಿಯೂ ಆಗದು, ತಡವೂ ಆಗದು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಹಸಿ ಇರುವಾಗಲೇ ಮೊನಚು ಕಡ್ಡಿಯಿಂದ ಗೀರಬೇಕು. ಗೀರಿದಲ್ಲಿ ಬಿಳಿ ಕಾಣುತ್ತದೆ. ಒಣಗಿದರೆ ಮುಗಿಯಿತು; ತಪ್ಪು ಗೀರಿದರೂ ಮುಗಿಯಿತು. ಮುಖವನ್ನು ಅಪ್ಪ ಯಾವಾಗಲೂ ಕೊನೆಗೆ ಗೀರುತ್ತಿದ್ದರು.

ನೆತ್ತಿ ಸುಡುವ ಬಿಸಿಲು, ಒಣಮೀನಿನ ವಾಸನೆ. ನಾನೂ ಅಕ್ಕನೂ ಬೀಡಿಯ ಹೆಂಗಸರ ಜೊತೆ ನೋಡುತ್ತ ನಿಂತಿದ್ದೆವು. ಚಿತ್ರದಲ್ಲಿ ಎಲ್ಲರಿಗಿಂತ ಮುಂದೆ ನಿಂತ ಹೆಂಗಸಿನ ಮುಖವೊಂದೇ ಗೀರಲು ಉಳಿದಿತ್ತು. ಅಷ್ಟರಲ್ಲಿ ಇಬ್ಬರು ಪೊಲೀಸರು ಬಂದರು.

“ನಡಿ ಸ್ಟೇಷನ್ನಿಗೆ. ಕಂಪ್ಲೇಂಟ್ ಉಂಟು.”

“ಗಾರೆ ಒಣಗ್ತದೆ ಮಾರಾಯ್ರೆ. ಅರ್ಧ ಗಂಟೆ ಕೊಡಿ, ನಾನೇ ಬರ್ತೇನೆ,” ಎಂದರು ಅಪ್ಪ.

ಕೊಡಲಿಲ್ಲ. ತೋಳು ಹಿಡಿದು ಎಳೆದುಕೊಂಡು ಹೋದರು. ಅಂಗಡಿಯಿಂದ ಕಂಟ್ರಾಕ್ಟರನ ಆಳುಗಳು ಚಿತ್ರ ಕೆಡಿಸಲು ಇಳಿದು ಬರತೊಡಗಿದರು. ಬೀಡಿಯ ಹೆಂಗಸರು ಗೋಡೆಯತ್ತ ಬೆನ್ನು ಮಾಡಿ, ಅವರಿಗೆ ಅಡ್ಡಲಾಗಿ ಸಾಲಾಗಿ ನಿಂತರು.

ಆ ಕಡ್ಡಿ ಮುಟ್ಟಲು ಅಪ್ಪ ಅಕ್ಕನನ್ನು ಎಂದೂ ಬಿಟ್ಟಿರಲಿಲ್ಲ. ನೆಲಕ್ಕೆ ಬಿದ್ದಿದ್ದ ಅದನ್ನು ಅವಳು ಎತ್ತಿಕೊಂಡಳು. ಕಣ್ಣು ಗೀರಿದಳು, ಮೂಗು ಗೀರಿದಳು. ನನಗೋ ಹೆದರಿಕೆ. ಇನ್ನು ಅಕ್ಕನನ್ನೂ ಹಿಡಿದುಕೊಂಡು ಹೋಗುತ್ತಾರೆ ಎನಿಸಿತು.

“ಬಾ ಅಕ್ಕ, ಮನೆಗೆ ಹೋಗುವ!” ಎಂದು ಅವಳ ಮೊಣಕೈ ಜಗ್ಗಿದೆ. ತುಟಿಯ ಗೆರೆ ಸರ್ರನೆ ಕೆಳಗೆ ಜಾರಿತು. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಹೆಂಗಸರ ಸಾಲು ಕದಲಲಿಲ್ಲ; ಆಳುಗಳು ಮರಳಿ ಹೋದರು.

ಮೂರು ದಿನ ಬಿಟ್ಟು ಸ್ಟೇಷನ್ನಿನಿಂದ ಬಂದ ಅಪ್ಪ ಗೋಡೆಯ ಮುಂದೆ ನಿಂತು, ಕೆಳಗೆ ಜಾರಿದ ತುಟಿಯ ಗೆರೆಯ ಮೇಲೆ ಬೆರಳಾಡಿಸಿದರು.

“ಎಂತ ಮಾರಾಯ್ತಿ, ಇವಳಿಗೆ ಇಷ್ಟು ಸಿಟ್ಟು! ಇದು ನನ್ನ ಕೈಯಲ್ಲಿ ಬರ್ತಿರ್ಲಿಲ್ಲ,” ಎಂದು ಅಕ್ಕನ ತಲೆ ಸವರಿದರು. ಅಕ್ಕ ನನ್ನತ್ತ ನೋಡಿದಳು, ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಬೀಡಿ ಮುರಿಯುವುದು ನಿಲ್ಲಲು ಮತ್ತೂ ಒಂದು ವರ್ಷ ಹಿಡಿಯಿತು.

ಮಕ್ಕಳೇ, ನೀವು ಫೋನಿನಲ್ಲಿ ಚಿತ್ರ ಬಿಡಿಸುವುದನ್ನು ನೋಡುತ್ತೇನೆ. ಗೆರೆ ತಪ್ಪಿದರೆ ಬೆರಳಿನಿಂದ ಒಮ್ಮೆ ಒತ್ತಿ ಅಳಿಸಿಬಿಡುತ್ತೀರಿ. ಒಳ್ಳೆಯದೇ. ನನ್ನ ಹೆದರಿಕೆಯನ್ನು ಮಾತ್ರ ಯಾರಿಗೂ ಅಳಿಸಲಾಗಲಿಲ್ಲ. ಗೋದಾಮು ಕೆಡವುವ ತನಕ ಅದು ಬಂದರಿನ ಗೋಡೆಯ ಮೇಲೆಯೇ ಇತ್ತು. ದಾರಿಯಲ್ಲಿ ಹೋಗುವ ಹೆಂಗಸರು ತಮ್ಮ ಮಕ್ಕಳಿಗೆ ಆ ಸಿಟ್ಟಿನ ಮುಖವನ್ನು ತೋರಿಸಿ, “ಅವಳ ಧೈರ್ಯ ನೋಡು,” ಎನ್ನುತ್ತಿದ್ದರು.