ಸ್ಟೇಟಸ್ ಹಾಕದ ಮಗಳನ್ನು ಹುಡುಕಿಕೊಂಡು ಚೆನ್ನೈಗೆ

ರಾತ್ರಿ ಮಂಗಳೂರು ಬಿಟ್ಟ ರೈಲು ಪಾಲಕ್ಕಾಡು ಮುಟ್ಟುವಷ್ಟರಲ್ಲಿ ನಾನು ಫೋನ್ ತೆಗೆದು ನೋಡಿದ್ದಕ್ಕೆ ಲೆಕ್ಕವೇ ಇಲ್ಲ. ಚೆನ್ನೈಯಲ್ಲಿ ಎಂ.ಎ. ಓದುತ್ತಿರುವ ನನ್ನ ಒಬ್ಬಳೇ ಮಗಳು ಚೈತ್ರಾ ಸ್ಟೇಟಸ್ ಹಾಕದೆ ಎರಡು ವಾರವಾಗಿತ್ತು. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವಳ ಫೋಟೋ ನೋಡಿ ಒಂದು ಹೃದಯ ಒತ್ತಿದರೆ ನಮ್ಮ ಮಾತುಕತೆ ಮುಗಿಯುತ್ತಿತ್ತು. ಒಮ್ಮೆ ಫೋನ್ ಮಾಡಿ, ಅದನ್ನೆಲ್ಲ ಬಿಟ್ಟಿದ್ದೇನೆ, ಹೆದರಬೇಡ ಅಂದಿದ್ದಳು. ಹೆದರಬೇಡ ಅಂದರೆ ಹೆದರದೆ ಇರುವ ತಾಯಿ ಎಲ್ಲಿದ್ದಾಳೆ? ನನ್ನ ಗಂಡ ನಿನಗೆ ಮರುಳು ಎಂದರು. ಅವರ ಮಾತು ಕೇಳದೆ, ಅವಳಿಗೂ ತಿಳಿಸದೆ ಹೊರಟೆ. ಪಾಲಕ್ಕಾಡಿನಲ್ಲಿ ಕೊಂಡ ವಡೆಯನ್ನು ಪೊಟ್ಟಣ ಬಿಚ್ಚದೆ ಚೀಲಕ್ಕೆ ಹಾಕಿದೆ.

ಸಂಜೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದಾಗ ಸೆಕೆಗೆ ಸೀರೆ ಮೈಗೆ ಅಂಟಿತು. ಎದುರಿನ ನಿಲ್ದಾಣದಿಂದ ಲೋಕಲ್ ರೈಲು ಹಿಡಿದು ಮೈಲಾಪೂರಿನಲ್ಲಿ ಇಳಿದೆ. ಅಲ್ಲಿಂದ ಫೋನ್ ಮಾಡಿದರೆ ರಿಂಗಾಗುತ್ತದೆ, ಎತ್ತುವವರಿಲ್ಲ. ವಿಳಾಸ ಕೇಳುತ್ತಾ ನಡೆಯುವಾಗ ತಲೆಗೆ ಬರಬಾರದ್ದೆಲ್ಲ ಬಂತು.

ಬಾಗಿಲು ತೆರೆದವರು ಅವಳು ಬಾಡಿಗೆಗಿದ್ದ ಮನೆಯ ಒಡತಿ, ನಮ್ಮ ಉಡುಪಿ ಕಡೆಯವರೇ. "ಮಕ್ಕಳು ಮೇಲೇ ಇದ್ದಾರೆ, ಚುಮ್ಮಾ ಗಾಬರಿ ಪಡಬೇಡಿ" ಎಂದರು, ಸುಮ್ಮಸುಮ್ಮನೆ ಅನ್ನುವುದಕ್ಕೆ ತಮಿಳಿನ ಮಾತು ಸೇರಿಸಿ. ಮೇಲೆ ಚೈತ್ರಾ ಮತ್ತು ಅವಳ ಇಬ್ಬರು ಗೆಳತಿಯರು ಬೀನ್ಸ್ ಹೆಚ್ಚುತ್ತಿದ್ದರು. ಸಂಜೆಯಾದರೆ ಮೂವರ ಫೋನುಗಳೂ ಸದ್ದಡಗಿಸಿಕೊಂಡು ಅಕ್ಕಿ ಡಬ್ಬಿಯೊಳಗೆ ಹೋಗುತ್ತವಂತೆ. ಅದು ಅವರೇ ಮಾಡಿಕೊಂಡ ನಿಯಮ. ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ನಗುನಗುತ್ತಾ ಫೋಟೋ ಹಾಕುತ್ತಿದ್ದವಳಿಗೆ ಈಗ ಎಂತ ಆಯಿತೆಂದು ಬೈದೆ.

ಗೆಳತಿಯರು ಮೆಲ್ಲಗೆ ಹೊರಗೆ ಹೋದರು. ಚೈತ್ರಾ ಚಾಕು ಕೆಳಗಿಟ್ಟಳು.

"ಆ ಬೀಚಿನ ಫೋಟೋ ನೆನಪುಂಟಾ ಅಮ್ಮ? ಅದು ಹಳೇದು. ಅದನ್ನು ಹಾಕಿದ ದಿನ ನಾನು ಊಟವೇ ಮಾಡಿರ್ಲಿಲ್ಲ, ರೂಮಿಂದ ಹೊರಗೂ ಬಂದಿರ್ಲಿಲ್ಲ. ನೀನು ಹೃದಯ ಒತ್ತಿದ್ದೆ."

ಆ ಫೋಟೋವನ್ನು ನಾನು ಪಕ್ಕದ ಮನೆಯವರಿಗೂ ತೋರಿಸಿದ್ದೆ. ಫೋನಿನಲ್ಲಿ ಬೇರೆಯವರ ಸಂತೋಷ ನೋಡುತ್ತಾ ನೋಡುತ್ತಾ ನಿದ್ದೆಯೇ ಬಿಟ್ಟುಹೋಗಿತ್ತು, ಈಗ ಸ್ವಲ್ಪ ಬರುತ್ತದೆ ಎಂದಳು. ಕೆನ್ನೆ ಮಾತ್ರ ಇಳಿದೇ ಇತ್ತು. ಆ ರಾತ್ರಿ ಅವಳು ಮಲಗಿದಳು, ನಾನು ಅವಳ ಉಸಿರು ಕೇಳುತ್ತಾ ಎದ್ದಿದ್ದೆ.

ಎರಡು ದಿನ ಇದ್ದು ಮಧ್ಯಾಹ್ನದ ರೈಲಿಗೆ ಹೊರಟೆ. ಅವಳು ಪ್ಲಾಟ್‌ಫಾರ್ಮಿನಲ್ಲಿ ಕೈಬೀಸುವಾಗ ಫೋಟೋ ತೆಗೆಯಲು ಕೈ ಹೋಯಿತು. ಬೇಡವೆಂದು ಕಣ್ಣಿಗೆ ಕಾಣುವಷ್ಟು ಹೊತ್ತು ಅವಳನ್ನೇ ನೋಡಿದೆ.

ಸೇಲಂ ಹತ್ತಿರ ಬರುವಾಗ ಅವಳದೇ ಫೋನ್ ಬಂತು, ಡಬ್ಬಿಗೆ ಹಾಕುವ ಮೊದಲು. ಊಟ ಆಯಿತಾ ಎಂದು ಕೇಳಿದೆ.

"ಇಲ್ಲ ಅಮ್ಮ. ಇವತ್ತು ಮಧ್ಯಾಹ್ನವೂ ಸೇರಲಿಲ್ಲ."

ಎಂತಕ್ಕೆ ಮಗಾ ಎಂದು ಕೇಳಿದೆ. ಯಾವ ಫೋಟೋದಲ್ಲೂ ಕಾಣದ್ದನ್ನು ಅವಳು ಹೇಳತೊಡಗಿದಳು.