ಬೊಗಸೆಯಲ್ಲಿ ಹೊಳೆ ಓದುವ ಚಂದಮ್ಮ

ಬೆಳಗಿನ ಆರು ಗಂಟೆ. ಮಳಖೇಡದ ಕೆಳಗೆ, ಕಾಗಿಣಾ ಹೊಳೆಯಲ್ಲಿ ಚಂದಮ್ಮ ಮೊಣಕಾಲುದ್ದ ನೀರಿಗಿಳಿದು ಅಳತೆಗಂಬಕ್ಕೆ ಮೆತ್ತಿದ ಕೆಸರನ್ನು ಸೆರಗಿನ ತುದಿಯಿಂದ ಒರೆಸುತ್ತಾರೆ. ಕಂಬದ ಮೇಲಿನ ಅಂಕಿ ಓದುತ್ತಾರೆ. ಆಮೇಲೆ ಬೊಗಸೆಯಲ್ಲಿ ನೀರೆತ್ತಿ ಬೆಳಕಿಗೆ ಹಿಡಿಯುತ್ತಾರೆ. ಪತ್ರಿಕೆಗೆ ಬರೆಯಲು ಬಂದಿದ್ದ ನಾನೂ ಗಂಗಾಪೂಜೆ ಇರಬೇಕೆಂದು ಭಕ್ತಿಯಿಂದ ಕೈ ಜೋಡಿಸಿ ನಿಂತೆ. ಅವರು ನಕ್ಕುಬಿಟ್ಟರು.

“ಪೂಜಿ ಅಲ್ರಿ ಸರ. ಬಣ್ಣ ನೋಡಾಕತ್ತೀನಿ.”

ಐವತ್ತೆರಡರ ಚಂದಮ್ಮ ಹತ್ತೊಂಬತ್ತು ವರ್ಷಗಳಿಂದ ಸರಕಾರಿ ಜಲಮಾಪನ ಕಚೇರಿಗಾಗಿ ಈ ಹೊಳೆಯ ಮಟ್ಟ ಅಳೆಯುತ್ತಾರೆ. ಸೇತುವೆ ಇಲ್ಲದ ಕಾಲದಲ್ಲಿ ಅವರ ಮಾವ ಜಟ್ಟೆಪ್ಪ ಇಲ್ಲಿ ಹರಿಗೋಲು ಹಾಕುತ್ತಿದ್ದರಂತೆ. ಬಣ್ಣ ನೋಡುವುದನ್ನು ಕಲಿಸಿದವರೂ ಅವರೇ. ಬೇಸಿಗೆಯಲ್ಲಿ ದಿನಕ್ಕೊಂದು ಸಲ ಓದಿದರೆ ಸಾಕು. ಮಳೆ ಹಿಡಿದರೆ ತಾಸಿಗೊಮ್ಮೆ ಮೂವತ್ತನಾಲ್ಕು ಮೆಟ್ಟಿಲು ಇಳಿಯಬೇಕು, ಅಷ್ಟನ್ನೂ ಹತ್ತಬೇಕು, ಕಚೇರಿಗೆ ಫೋನ್ ಮಾಡಬೇಕು. ನಾನು ಎರಡು ಸಲ ಹತ್ತಿಳಿದು ಏದುಸಿರು ಬಿಡುತ್ತ ಕುಂತೆ.

ನಕಾಶೆಯಲ್ಲಿ ಕಾಗಿಣಾ ಒಂದೇ ಗೆರೆ. ಅನಂತಗಿರಿ ಗುಡ್ಡದಲ್ಲಿ ಹುಟ್ಟಿ, ತಾಂಡೂರು ದಾಟಿ ಸೇಡಂ ತಾಲೂಕಿಗೆ ಬಂದು, ಚಿತ್ತಾಪುರ, ಶಹಾಬಾದ ಸೀಮೆ ಹಾದು ಭೀಮೆಯನ್ನು ಸೇರುತ್ತದೆ. ಚಂದಮ್ಮನಿಗೆ ಮಾತ್ರ ಅದು ಮೂರು ಹೊಳೆ. ನೀರು ಬೂದಿಬಣ್ಣಕ್ಕಿದ್ದರೆ ತಾಂಡೂರಿನ ಕಲ್ಲುಗಣಿಗಳ ಕಡೆ ಮಳೆ. ಕಪ್ಪಗಿದ್ದರೆ ಉಪನದಿ ಬೆಣ್ಣೆತೊರೆ ಎರೆಹೊಲ ತೊಳೆದುಕೊಂಡು ಬಂದಿದೆ. ಕೆಂಪಗಿದ್ದರೆ ಚಿಂಚೋಳಿ ಗುಡ್ಡದ ನೀರು, ಇನ್ನೊಂದು ಉಪನದಿ ಮುಲ್ಲಾಮಾರಿಯದು. ಅವರಿಗೆ ಹೆದರಿಕೆ ಈ ಕೆಂಪಿನದೇ. ಮೊದಲು ಬಣ್ಣ ಬರುತ್ತದೆ, ಎರಡು ತಾಸು ಬಿಟ್ಟು ಹೊಳೆ ಒಮ್ಮೆಲೇ ಏರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಚಂದಮ್ಮ ಅಂಕಿಯ ಪಕ್ಕ “ಕೆಂಪು ನೀರು” ಅಂತ ಬರೆದಿದ್ದರು. ತಪಾಸಣೆಗೆ ಬಂದ ಸಾಹೇಬರೊಬ್ಬರು ರಿಜಿಸ್ಟರು ನೋಡಿ, ಕೇಳಿದಷ್ಟು ಬರೆದರೆ ಸಾಕು, ಕಥೆ ಬೇಡ ಎಂದು ಗದರಿಸಿ ಹೋದರು. ಹೊಸ ನೌಕರಿ, ಅಂಜಿಕೆ. ಬಿಟ್ಟುಬಿಟ್ಟರು. ಅದೇ ಶ್ರಾವಣದ ಒಂದು ಬೆಳಗ್ಗೆ ಹೊಳೆ ಕೆಂಪಾಯಿತು, ಕಂಬದಲ್ಲಿ ಏರಿದ್ದು ಬರೀ ನಾಲ್ಕು ಬೆರಳು. ಅವರು ಅಂಕಿಯಷ್ಟೇ ಹೇಳಿ ಸುಮ್ಮನಾದರು. ಎರಡು ತಾಸಿಗೆ ಹೊಳೆ ಉಕ್ಕಿ ಬಂತು. ನಡುಗಡ್ಡೆಯಲ್ಲಿ ಕುರಿ ತರುಬಿ ತಂಗಿದ್ದ ಕುರಿಗಾಹಿ ದೇವೀಂದ್ರಪ್ಪ ಜಾಲಿಗಿಡ ಹತ್ತಿ ಜೀವ ಉಳಿಸಿಕೊಂಡ. ನಲವತ್ತು ಕುರಿ ಕೊಚ್ಚಿಕೊಂಡು ಹೋದವು.

“ನನಗ ಗೊತ್ತಿತ್ರಿ ಸರ. ಗೊತ್ತಿದ್ದೂ ಬರೀಲಿಲ್ಲ, ಒದರಲೂ ಇಲ್ಲ,” ಎನ್ನುತ್ತ ಚಂದಮ್ಮ ಆಚೆ ದಂಡೆಯ ಕಡೆ ಮುಖ ತಿರುಗಿಸುತ್ತಾರೆ. ಹತ್ತೊಂಬತ್ತು ವರ್ಷವಾದರೂ ಆ ಸಂಕಟ ಹಾಗೇ ಇದೆ.

ಅಂದಿನಿಂದ ಯಾರು ಏನೇ ಅನ್ನಲಿ, ಬಣ್ಣವನ್ನು ರಿಜಿಸ್ಟರಿನ ಅಂಚಿನಲ್ಲಿ ಬರೆಯುತ್ತಾರೆ. ಕೆಂಪು ಕಂಡರೆ ಮನೆಯಲ್ಲಿ ಉಣ್ಣುವ ಹಿತ್ತಾಳೆ ಗಂಗಾಳ ತಂದು ದಂಡೆಯುದ್ದಕ್ಕೂ ಬಡಿಯುತ್ತಾರೆ. ಅರಿವೆ ಒಗೆಯುವವರು, ಪಂಪು ಇಟ್ಟವರು ಎಲ್ಲ ಬಿಟ್ಟು ಮೇಲೇರುತ್ತಾರೆ. ಹೋದ ವರ್ಷ ಭಾದ್ರಪದದಲ್ಲಿ ಒಂದು ಬೆಳಗ್ಗೆ ಎಂಟಕ್ಕೆ ಹೊಳೆ ಮತ್ತೆ ಕೆಂಪಾಯಿತು. ನೀರು ಅಪಾಯದ ಗೆರೆಗಿಂತ ಭಾಳ ಕೆಳಗಿತ್ತು, ಚಿಂತಿಯಿಲ್ಲವೆಂದು ಕಚೇರಿಯವರು ಹೇಳಿದರು. ಚಂದಮ್ಮ ಗಂಗಾಳ ಬಡಿದೇ ಬಡಿದರು. ನಡುಗಡ್ಡೆಯಲ್ಲಿದ್ದವನು ಅದೇ ದೇವೀಂದ್ರಪ್ಪ. ಸದ್ದು ಕೇಳಿದ್ದೇ ಕುರಿ ಹೊಡಕೊಂಡು ದಡ ಸೇರಿದ. ಹತ್ತು ಗಂಟೆಗೆ ನಡುಗಡ್ಡೆ ಕಾಣದಾಯಿತು, ಒಂದು ಮರಿಯೂ ಹೋಗಲಿಲ್ಲ. ಮರುದಿನ ಅವನು ಒಂದು ಹೊಸ ಕಂಬಳಿಯನ್ನು ಇವರ ಹೊಸ್ತಿಲ ಮೇಲಿಟ್ಟು ಹೋದ.

ಈಗ ಸೇತುವೆಗೆ ಯಂತ್ರ ಕೂರಿಸಿದ್ದಾರೆ. ಕಾಲು ತಾಸಿಗೊಮ್ಮೆ ಅದು ತಾನೇ ಮಟ್ಟದ ಅಂಕಿಯನ್ನು ಕಚೇರಿಗೆ ಕಳಿಸುತ್ತದೆ. ಈ ಮಳೆಗಾಲ ಮುಗಿದರೆ ಚಂದಮ್ಮನ ಕೆಲಸವೂ ಮುಗಿಯಬಹುದು. ಯಂತ್ರದ ಮೇಲೆ ಅವರಿಗೆ ಸಿಟ್ಟಿಲ್ಲ.

“ಅದು ನನಗಿಂತ ಚಲೋ ಓದ್ತದ. ಆದ್ರ ಬಣ್ಣಕ್ಕ ಒಂದು ಕಾಲಂ ಹಾಕ್ರಿ ಅಂತ ನಿಮ್ಮ ಪೇಪರ್‌ನ್ಯಾಗ ಬರೀರಿ. ಅಷ್ಟು ಮಾಡಿದ್ರ ಸಾಕು.”

ಕಾಲಂ ಹಾಕದಿದ್ದರೆ? ಕೆಲಸವೇ ಹೋದರೆ? ಕೇಳಬಾರದಿತ್ತೇನೋ, ಕೇಳಿಬಿಟ್ಟೆ. ಚಂದಮ್ಮ ಒದ್ದೆ ಸೆರಗು ಹಿಂಡಿ ಸೊಂಟಕ್ಕೆ ಸಿಕ್ಕಿಸಿದರು.

“ರಿಜಿಸ್ಟರ್ ಅವರದು, ಒಯ್ಲಿ. ಗಂಗಾಳ ನಂದೇ ಅದ.”