ಗುಡ್ಡದ ಮೇಲಿನ ಹನ್ನೊಂದು ಮನೆ

ನೆದರ್‌ಲ್ಯಾಂಡ್ಸಿನಲ್ಲಿ ಬೆಟ್ಟದ ಊರು ನೋಡಿ ಬಂದೆವು ಎಂದಾಗ ಮೈಸೂರಿನಲ್ಲಿರುವ ನನ್ನ ಅಕ್ಕ ಫೋನಿನಲ್ಲೇ ನಕ್ಕಳು. "ಅಲ್ಲಾ ಕಣೇ, ನಿಮ್ದು ಸಮುದ್ರಕ್ಕಿಂತ ತಗ್ಗಿನ ದೇಶ ಅಂತಿದ್ದೆ. ಬೆಟ್ಟ ಎಲ್ಲಿಂದ ತಂದಿಟ್ಟ್ರು?" ಅವಳು ನಗುವುದರಲ್ಲಿ ತಪ್ಪಿಲ್ಲ. ನಾವಿರುವ ನ್ಯೂವೆಗೈನ್‌ನಲ್ಲಿ ಏರು ಅಂತ ಏನಾದರೂ ಇದ್ದರೆ ಅದು ಕಾಲುವೆಯ ಸೇತುವೆಗಳಲ್ಲಿ ಮಾತ್ರ. ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಐದು ಕೆಜಿ ಆಲೂಗಡ್ಡೆ ಇಟ್ಟುಕೊಂಡವರು ಕೂಡ ಒಂದು ಸಲ ಸೀಟಿನಿಂದ ಎದ್ದು ತುಳಿದರೆ ಮುಗಿಯುವಷ್ಟು ಏರು.

ಆ ಸೇತುವೆಯೇ ನಮ್ಮ ಯಜಮಾನರಿಗೆ ಬೆಟ್ಟವಾಗಿತ್ತು. ಹೋದ ವರ್ಷ ಎಲೆ ಉದುರುವ ಕಾಲದಲ್ಲಿ ಅವರಿಗೆ ಬೈಪಾಸ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಯಿತು. ಗಾಯ ಒಣಗಿತು, ಅರ್ಧ ದಿನದ ಆಫೀಸು ಶುರುವಾಯಿತು. ವ್ಯಾಯಾಮ ಹೇಳಿಕೊಡುವ ಹುಡುಗಿ ಪ್ರತಿ ವಾರವೂ ಹೇಳುತ್ತಿದ್ದಳು, "ಮೆಟ್ಟಿಲು, ಸೇತುವೆ, ಗುಡ್ಡ, ಎಲ್ಲಾ ಹತ್ತಬಹುದು. ನಿಮ್ಮ ಹೃದಯ ತಯಾರಿದೆ." ಇವರು ತಲೆಯಾಡಿಸಿ ಬರುತ್ತಿದ್ದರು. ಬಂದು, ಅಂಗಡಿಗೆ ಹೋಗಲು ಸೇತುವೆಯಿಲ್ಲದ ಸುತ್ತುದಾರಿ ಹಿಡಿಯುತ್ತಿದ್ದರು. ಐದು ನಿಮಿಷದ ಅಂಗಡಿಗೆ ಇಪ್ಪತ್ತೈದು ನಿಮಿಷ. ಮನೆಯಲ್ಲಿ ಮಹಡಿ ಹತ್ತಿದರೆ ಮೇಲಿನ ಮೆಟ್ಟಿಲಲ್ಲಿ ನಿಂತು ಎರಡು ಬೆರಳು ಮಣಿಕಟ್ಟಿಗೆ ಒತ್ತಿಕೊಳ್ಳುತ್ತಿದ್ದರು. ಓದುವ ದಿನಗಳಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಪಂದ್ಯ ಕಟ್ಟಿ ಓಡಿ ಹತ್ತಿದ ಮನುಷ್ಯ. ನಾನೂ ಏನು ಕಡಿಮೆಯಿಲ್ಲ. ಅವರು ಬಗ್ಗಿ ಬೂಟಿನ ದಾರ ಕಟ್ಟುವಾಗ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಅವರ ಉಸಿರು ಎಣಿಸುತ್ತಿದ್ದೆ. ಹೀಗೆ ಹೆದರಿಕೊಂಡೇ ಉಳಿದರೆ ಇನ್ನು ಮುಂದೆ ಸಪಾಟು ದಾರಿಯಲ್ಲೇ ಇವರ ಬದುಕು ಮುಗಿಯುತ್ತದೆ ಎಂದು ನನಗೆ ಕಾಣುತ್ತಿತ್ತು. ಬಾಯಿ ಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಗುಡ್ಡದೂರಿನ ಮಾತು ತೆಗೆದವಳು ಮಗಳು. ಐಂಡ್‌ಹೋವನ್‌ನಲ್ಲಿ ಓದುತ್ತಾಳೆ, ಗೆಳತಿಯರ ಜೊತೆ ಸೈಕಲ್ಲಿನಲ್ಲಿ ದಕ್ಷಿಣದ ಲಿಂಬರ್ಗ್ ಸುತ್ತಿ ಬಂದಿದ್ದಳು.

"ಅಪ್ಪಾ, ಆ ಮೂರು ದೇಶ ಸೇರೋ ಪಾಯಿಂಟ್‌ಗೆ ಮಾತ್ರ ಹೋಗ್ಬೇಡಿ. ಫುಲ್ ಬಸ್ಸು, ಫುಲ್ ಸೆಲ್ಫಿ. ನಾನೊಂದು ಲೊಕೇಶನ್ ಕಳಿಸ್ತೀನಿ. ಹನ್ನೊಂದೇ ಮನೆ. ಅಂಗಡಿ ಇಲ್ಲ, ಕೆಫೆ ಇಲ್ಲ, ಯಾರೂ ಬರಲ್ಲ."

"ಬೆಟ್ಟ ಎಷ್ಟು ಎತ್ತರ ಅದು?" ಇವರ ಮೊದಲ ಪ್ರಶ್ನೆ.

"ಬೆಟ್ಟಾನಾ? ಅಪ್ಪಾ, ಪ್ಲೀಸ್. ಅದು ದೊಡ್ಡ ಸ್ಪೀಡ್ ಬ್ರೇಕರ್."

"ಹಾಗಾದ್ರೆ ಕಾರಲ್ಲಿ ಹೋಗಿ ನೋಡ್ಕೊಂಡ್ ಬರೋಣ," ಎಂದರು. ಕಾರಲ್ಲಿ ಎನ್ನುವುದನ್ನು ಒತ್ತಿ ಹೇಳಿದರು.

ಮೇ ತಿಂಗಳ ಒಂದು ಮಂಗಳವಾರ ಹೊರಟೆವು. ಉಪ್ಪು ಕಡಿಮೆ ಹಾಕಿದ ಅವಲಕ್ಕಿ ಒಗ್ಗರಣೆ, ನಾಲ್ಕು ಚಪಾತಿ, ಸೌತೆಕಾಯಿ ಹೋಳು, ಒಂದು ಬಾಟಲಿ ಮಜ್ಜಿಗೆ. ನನ್ನ ಕೈಚೀಲದ ಮುಂದಿನ ಜೇಬಿನಲ್ಲಿ, ಎದೆನೋವು ಬಂದರೆ ನಾಲಗೆಯ ಕೆಳಗೆ ಹೊಡೆಯುವ ಸ್ಪ್ರೇ. ಮಾಸ್ಟ್ರಿಕ್ಟ್ ದಾಟಿದ ಮೇಲೆ ದಾರಿ ಮೆಲ್ಲಗೆ ಅಲೆಯಾಡತೊಡಗಿತು. ಇಷ್ಟು ವರ್ಷ ಅಡಿಗೋಲು ಇಟ್ಟು ಗೆರೆ ಎಳೆದಂತಿದ್ದ ದಿಗಂತವನ್ನೇ ನೋಡಿದ ಕಣ್ಣಿಗೆ ಏನೋ ಒಂದು ಹಿತ. ಇಳಿಜಾರಿನಲ್ಲಿ ಹೂಬಿಟ್ಟ ಸೇಬಿನ ಮರಗಳು, ಅವುಗಳ ಕೆಳಗೆ ಮಲಗಿ ಮೆಲುಕು ಹಾಕುವ ಹಸುಗಳು, ಕಪ್ಪು ತೊಲೆಗಳ ಚೌಕಟ್ಟಿನ ಬಿಳಿ ಗೋಡೆಯ ಮನೆಗಳು.

ಮಗಳ ಲೊಕೇಶನ್ ನಮ್ಮನ್ನು ಒಂದು ತೊರೆಯ ಪಕ್ಕಕ್ಕೆ ತಂದು ನಿಲ್ಲಿಸಿತು. ಅಲ್ಲಿಂದ ಮೇಲಕ್ಕೆ ಒಂದೇ ಕಿರಿದಾರಿ. ದಾರಿಯ ಬಾಯಲ್ಲಿ ಬೋರ್ಡು: ಊರಿನವರ ವಾಹನಗಳಿಗೆ ಮಾತ್ರ. ಬೋರ್ಡು ಮೀರುವ ಪೈಕಿಯಲ್ಲ ನಮ್ಮವರು. ಕಾರು ನಿಲ್ಲಿಸಿ, ಇಳಿದು, ಮೇಲೆ ಮರಗಳ ಸಂದಿಯಲ್ಲಿ ಕಾಣುತ್ತಿದ್ದ ಎರಡು ಹೆಂಚಿನ ಸೂರನ್ನು ನೋಡಿದರು.

"ಇಲ್ಲಿಂದಾನೇ ಚೆನ್ನಾಗಿ ಕಾಣ್ಸುತ್ತಲ್ಲ. ಬೆಂಚಿದೆ, ತೊರೆ ಇದೆ. ತಿಂಡಿ ತೆಗಿ," ಎಂದರು.

ನಾನು ಸುಮ್ಮನೆ ಡಬ್ಬಿ ತೆಗೆದೆ. ಅವಲಕ್ಕಿ ಅರ್ಧ ಮುಗಿದಿರಬೇಕು, ಒಂದು ಹಳೆಯ ವ್ಯಾನು ನಮ್ಮ ಪಕ್ಕ ನಿಂತಿತು. ಹಿಂದೆ ಕೋಳಿಯ ಮೇವಿನ ಚೀಲಗಳು. ಸ್ಟೀರಿಂಗ್ ಹಿಂದೆ ಎಪ್ಪತ್ತೈದು ದಾಟಿದ ಒಬ್ಬ ಅಜ್ಜಿ, ಮೊಣಕಾಲುದ್ದದ ರಬ್ಬರ್ ಬೂಟು. ಊರು ನೋಡಲು ಬಂದಿರಾ ಎಂದು ಡಚ್ಚಿನಲ್ಲಿ ಕೇಳಿದಳು. ಹೌದು ಎಂದೆ.

"ಹತ್ತಿ ಮತ್ತೆ. ನಾನು ಮೇಲಕ್ಕೇ ಹೋಗ್ತಿದೀನಿ."

ನಾನು ಇವರ ಮುಖ ನೋಡಿದೆ. ಹಬ್ಬದ ದಿನ ಕರೆಂಟು ಬಂದಂಥ ಮುಖ. ಆದರೆ ಬಾಯಿ ತನ್ನ ಹಳೆಯ ಅಭ್ಯಾಸ ಬಿಡಬೇಕಲ್ಲ. "ಬೇಡ ಬೇಡ, ನಿಮಗ್ಯಾಕೆ ತೊಂದರೆ, ನಾವು ನಡ್ಕೊಂಡು ಬರ್ತೀವಿ," ಎಂದುಬಿಟ್ಟರು.

ನಮ್ಮ ಮನೆಗಳಲ್ಲಿ ಮೊದಲನೇ ಸಲ ಬೇಡ ಎನ್ನುವುದು ಮರ್ಯಾದೆ. ಎರಡನೇ ಸಲವೂ ಬೇಡ ಎನ್ನಬೇಕು. ಮೂರನೇ ಸಲ "ಅರ್ಧ ಲೋಟ ಸಾಕು" ಎಂದು ಕೈ ಚಾಚಬೇಕು. ಈ ದೇಶದಲ್ಲಿ ಬೇಡ ಎಂದರೆ ಮುಗಿಯಿತು, ತಟ್ಟೆ ಒಳಗೆ ಹೋಗುತ್ತದೆ. ಹದಿನೇಳು ವರ್ಷದಿಂದ ಇಲ್ಲಿದ್ದೇವೆ, ಎಷ್ಟು ಕಾಫಿ ಹೀಗೆ ಕಳೆದುಕೊಂಡಿದ್ದೇವೋ ಲೆಕ್ಕವಿಲ್ಲ.

ಅಜ್ಜಿ ಮೆಚ್ಚುಗೆಯಿಂದ ತಲೆಯಾಡಿಸಿದಳು. "ಒಳ್ಳೇದು! ನಡೆಯೋಕೆ ಒಳ್ಳೆ ಹವೆ. ಹಸಿರು ಬಾಗಿಲಿನ ಮನೆ ನಂದು. ಕಾಫಿ ಇಟ್ಟಿರ್ತೀನಿ." ವ್ಯಾನು ಗುರುಗುಟ್ಟುತ್ತ ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು.

ಇಬ್ಬರೂ ಆ ತಿರುವನ್ನೇ ನೋಡುತ್ತ ಕೂತೆವು.

"ನೀನಾದ್ರೂ ಹೂಂ ಅನ್ನಬಾರದಿತ್ತಾ?"

"ಚೆನ್ನಾಗಿದೆ! ನೀವು ಬೇಡ ಅಂದ್ಮೇಲೆ ನಾನೊಬ್ಳೇ ಹತ್ಕೊಂಡು ಹೋಗ್ಲಾ, ಮೇವಿನ ಚೀಲದ ಜೊತೆ?"

"ಇನ್ನೊಂದ್ಸಲ ಕೇಳ್ತಾಳೆ ಅಂದ್ಕೊಂಡೆ ಕಣೇ."

"ಕೇಳಲ್ಲ ಅಂತ ಗೊತ್ತಿಲ್ವಾ ನಿಮಗೆ? ಹೋಗ್ಲಿ ಬಿಡಿ, ಕಾರು ಹತ್ತಿ. ಮನೆಗೆ ಹೋಗೋಣ."

ಅವರು ಕದಲಲಿಲ್ಲ. ಡಬ್ಬಿಯ ಮುಚ್ಚಳವನ್ನು ನಾಲ್ಕೂ ಕಡೆ ಒತ್ತಿ ಒತ್ತಿ ಮುಚ್ಚಿದರು. "ಬರ್ತೀವಿ ಅಂದಿದೀನಲ್ಲ. ವಯಸ್ಸಾದವಳು, ಕಾಫಿ ಇಟ್ಕೊಂಡು ಕಾಯ್ತಾ ಕೂತಿರ್ತಾಳೆ. ಹಾಗೆ ಮಾಡಬಾರದು." ಎದ್ದು ನಿಂತರು. ಆಪರೇಷನ್ ಆದಮೇಲೆ ಆಸ್ಪತ್ರೆಯಲ್ಲಿ ಮೊದಲ ಸಲ ಎದ್ದು ನಿಂತಾಗಿನ ಮುಖವೇ ಇತ್ತು.

ಆ ದಾರಿ ನೆಲಕ್ಕಿಂತ ಆಳದಲ್ಲಿತ್ತು. ಎರಡೂ ಬದಿ ಮಣ್ಣಿನ ಗೋಡೆ, ಗೋಡೆಯಿಂದ ಹೊರಬಿದ್ದ ಬೇರುಗಳು, ಮೇಲೆ ಕೊಂಬೆಗಳ ಚಪ್ಪರ. ಮಣ್ಣಿನ ತಂಪು ಪಾದಕ್ಕೇ ಬಡಿಯುತ್ತಿತ್ತು. ಇವರು ಮುಂದೆ, ನಾನು ಹಿಂದೆ, ನನ್ನ ಕೈ ಸ್ಪ್ರೇ ಇದ್ದ ಜೇಬಿನ ಮೇಲೆ. ಮೊದಲು ಇಪ್ಪತ್ತು ಹೆಜ್ಜೆಗೆ ನಿಂತರು, ಆಮೇಲೆ ಹದಿನೈದಕ್ಕೆ. ಅರ್ಧ ದಾರಿಯಲ್ಲಿ ಕಡಿದು ಹಾಕಿದ ಮರದ ದಿಮ್ಮಿಯೊಂದಿತ್ತು. ಇಬ್ಬರೂ ಅದರ ಮೇಲೆ ಕುಳಿತೆವು. ಇವರು ಎರಡು ಬೆರಳು ಮಣಿಕಟ್ಟಿಗಿಟ್ಟರು. ಅಂಗಿ ಬೆನ್ನಿಗೆ ಅಂಟಿತ್ತು.

"ನೋವಿದ್ಯಾ?"

"ಇಲ್ಲ."

"ಮತ್ತೆ?"

ಮಣಿಕಟ್ಟಿನಿಂದ ಬೆರಳು ತೆಗೆದರು. ಆಮೇಲೆ ನೆಲ ನೋಡುತ್ತ ಹೇಳಿದರು, "ಸೇತುವೆ ಹತ್ರ ಹೋದಾಗಲೆಲ್ಲ ಒಂದೇ ಯೋಚ್ನೆ. ಇಲ್ಲಿ ಬಿದ್ದುಬಿಟ್ರೆ, ನೀನೊಬ್ಳೇ ಇರ್ತೀಯಲ್ಲ ಪಕ್ಕದಲ್ಲಿ. ಫೋನ್ ಹುಡುಕ್ತಾ, ಆ ಡಚ್ಚಲ್ಲಿ ಅಡ್ರೆಸ್ ಹೇಳ್ತಾ. ಅದೊಂದು ನೋಡೋಕಾಗಲ್ಲ ನನಗೆ."

ಏಳು ತಿಂಗಳಲ್ಲಿ ಈ ಮಾತು ಹೊರಬಂದದ್ದು ಅದೇ ಮೊದಲು. ತಮ್ಮ ಸಾವಿಗೆ ಹೆದರುತ್ತಿದ್ದಾರೆ ಎಂದುಕೊಂಡಿದ್ದೆ. ನನ್ನ ಡಚ್ಚಿಗೆ ಹೆದರುತ್ತಿದ್ದರು.

"ಅಡ್ರೆಸ್ ಹೇಳೋಕೆ ಬರುತ್ತೆ ನನಗೆ," ಎಂದೆ. "ಬೀದಿ ಹೆಸರು, ಮನೆ ನಂಬರು, ನಿಮ್ಮ ಹುಟ್ಟಿದ ತಾರೀಕು, ಮಾತ್ರೆಗಳ ಹೆಸರು. ಪಾತ್ರೆ ತೊಳೀವಾಗ ದಿನಾ ಹೇಳ್ಕೋತೀನಿ."

"ದಿನಾನಾ?"

"ದಿನಾ."

ಅವರು ನನ್ನ ಕಡೆ ತಿರುಗಿ ನೋಡಿದರು. ನನ್ನ ಎದೆ ಕಮ್ಮಾರನ ತಿದಿಯ ಹಾಗೆ ಏರಿಳಿಯುವುದನ್ನು ಕಂಡು ಹುಬ್ಬೇರಿಸಿದರು. "ಏನೇ ಇದು, ನಂಗಿಂತ ನಿನ್ನ ಸದ್ದೇ ಜಾಸ್ತಿ ಇದೆಯಲ್ಲ! ಆಪರೇಷನ್ ಆಗಿದ್ದು ಯಾರಿಗೆ?"

"ಮಂಡಿ ನೋವು ರೀ. ಜೊತೆಗೆ ಮೂರು ಚಪಾತಿ."

ನಕ್ಕರು. ಕೈ ಕೊಟ್ಟು ನನ್ನನ್ನು ದಿಮ್ಮಿಯಿಂದ ಎಬ್ಬಿಸಿದರು. ಉಳಿದ ದಾರಿಯಲ್ಲಿ ಎಲ್ಲಿ ನಿಲ್ಲಬೇಕೆಂದು ತೀರ್ಮಾನ ಮಾಡಿದ್ದು ನನ್ನ ಮಂಡಿ.

ಮೇಲೆ ಬಂದರೆ ನಿಜವಾಗಿಯೂ ಹನ್ನೊಂದೇ ಮನೆ. ಕವಲೊಡೆಯುವ ದಾರಿಯಲ್ಲಿ ಒಂದು ಶಿಲುಬೆ, ಅದರ ಪಾದದಲ್ಲಿ ಜಾಮ್ ಬಾಟಲಿಯಲ್ಲಿಟ್ಟ ಹೂವು. ಒಂದು ಕೋಳಿ ದಾರಿಯ ನಡುವೆ ಮಣ್ಣು ಕೆದರುತ್ತಿತ್ತು, ನಮಗಾಗಿ ಜರುಗಲಿಲ್ಲ. ಹಸಿರು ಬಾಗಿಲಿನ ಅಂಗಳದಲ್ಲಿ ಮೂರು ಕಪ್ಪು ಆಗಲೇ ಸಿದ್ಧವಿದ್ದವು. ಇವರ ಹಣೆಯ ಬೆವರು ನೋಡಿ ಅಜ್ಜಿ ವಿಚಾರಿಸಿದಳು. ಇವರು ಆಪರೇಷನ್ ವಿಷಯ ಹೇಳಿದರು.

"ಮತ್ತೆ ವ್ಯಾನು ಯಾಕೆ ಬೇಡ ಅಂದ್ರಿ?" ಅಜ್ಜಿಗೆ ಅರ್ಥವೇ ಆಗಲಿಲ್ಲ.

ಇವರು ತಮ್ಮ ಡಚ್ಚಿನಲ್ಲಿ ವಿವರಿಸಿದರು. ಅಜ್ಜಿ ಪರೀಕ್ಷೆಗೆ ಓದುವವರಂತೆ ಗಮನವಿಟ್ಟು ಕೇಳಿದಳು. "ಅಂದ್ರೆ ಎಷ್ಟು ಸಲ ಕೇಳಬೇಕು?"

"ಮೂರು."

ಅವಳು ಒಳಗೆ ಹೋಗಿ ಚೆರ್ರಿಹಣ್ಣಿನ ದೊಡ್ಡ ಕಡುಬಿನಂಥ ಸಿಹಿ ತಂದಳು, ಆ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಮಾಡುವಂಥದ್ದು. ಇವರ ಮುಂದೆ ಹಿಡಿದು ಗಂಭೀರವಾಗಿ, "ಬೇಕಾ? ಬೇಕಾ? ಬೇಕಾ?" ಎಂದಳು. ಉತ್ತರಕ್ಕೂ ಕಾಯದೆ ತಟ್ಟೆಗೆ ಹಾಕಿದಳು. ಇವರಿಗೆ ನಗು ತಡೆಯಲಾಗಲಿಲ್ಲ, ಕೆಮ್ಮು ಬಂತು, ನನ್ನ ಕೈ ಚೀಲಕ್ಕೆ ಹೋಯಿತು, ಏನೂ ಇಲ್ಲವೆಂದು ಸನ್ನೆ ಮಾಡಿದರು.

ಹಿತ್ತಿಲ ಹುಲ್ಲುಗಾವಲಿನ ಆಚೆ ಇನ್ನೊಂದು ದಿಬ್ಬವಿದೆಯಂತೆ. ಅದರ ಮೇಲೆ ನಾಲ್ಕೇ ಮನೆ, ಅಲ್ಲಿಂದ ಬೆಲ್ಜಿಯಂ ಕಾಣುತ್ತದಂತೆ. ಊರಿನವರೇ ಅಲ್ಲಿಗೆ ಹೋಗುವುದು ಅಪರೂಪ ಎಂದಳು ಅಜ್ಜಿ. ಇವರು ಕಪ್ಪು ಕೆಳಗಿಟ್ಟರು.

"ಹೋಗಿ ನೋಡ್ಕೊಂಡ್ ಬರ್ತೀನಿ."

ನಾನು ಏಳಲು ಹೋದೆ. ಮಂಡಿ ಒಪ್ಪಲಿಲ್ಲ.

"ನೀನು ಕೂತ್ಕೋ. ನಾನೊಬ್ನೇ ಹೋಗ್ತೀನಿ."

ಬೇಡ ಎನ್ನುವ ಮಾತು ಗಂಟಲವರೆಗೆ ಬಂದಿತ್ತು, ಮರ್ಯಾದೆಯ ಬೇಡವಲ್ಲ, ನಿಜವಾದದ್ದು. ಚೀಲ ತೆರೆದು ಸ್ಪ್ರೇ ಕೊಟ್ಟೆ. ವಾದ ಮಾಡದೆ ಅಂಗಿಯ ಜೇಬಿಗೆ ಹಾಕಿಕೊಂಡು ಬೇಲಿಯ ಗೇಟು ತೆಗೆದರು, ಹಸುಗಳು ಹೊರಬರದಂತೆ ನೆನಪಿಟ್ಟು ಮುಚ್ಚಿದರು. ನೀಲಿ ಅಂಗಿ ಹುಲ್ಲಿನ ನಡುವೆ ಸಣ್ಣದಾಗುತ್ತ ಹೋಗಿ ದಿಬ್ಬದ ಆಚೆ ಇಳಿಯಿತು.

ಅಜ್ಜಿ ನನ್ನನ್ನು ಒಂದು ಸಲ ನೋಡಿದಳು. ಏನೂ ಕೇಳದೆ ತೋಟದಿಂದ ಒಂದು ಹೊರೆ ರೂಬಾರ್ಬ್ ತಂದು ಮೇಜಿನ ಮೇಲೆ ಹಾಕಿ, ನನಗೊಂದು ಚಾಕು ಕೊಟ್ಟಳು. ಕೆಂಪು ದಂಟಿನ ಹುಳಿ ಸೊಪ್ಪು ಅದು, ಎಲೆ ತಿನ್ನುವುದಿಲ್ಲ, ದಂಟಿನ ನಾರು ತೆಗೆದು ಸಕ್ಕರೆ ಹಾಕಿ ಬೇಯಿಸುತ್ತಾರೆ. ಹುರುಳಿಕಾಯಿ ನಾರು ತೆಗೆದು ಪಳಗಿದ ಕೈ, ಬೇಗ ಹೊಂದಿಕೊಂಡಿತು. ಹತ್ತು ದಂಟು ಆಯಿತು. ಇಪ್ಪತ್ತಾಯಿತು. ಫೋನು ಮೇಜಿನ ಮೇಲೇ ಇತ್ತು, ನಾನು ಮುಟ್ಟಲಿಲ್ಲ.

ಅದೇ ಹೊಡೆದುಕೊಂಡಿತು.

"ಕೇಳು," ಎಂದರು, ಏದುಸಿರು ಬಿಡುತ್ತ. "ಇಲ್ಲಿ ನಾಲ್ಕಲ್ಲ, ಐದು ಮನೆ ಇದೆ. ಒಂದು ಹಿಂದ್ಗಡೆ ಅಡಗಿದೆ. ಅದ್ರಾಚೆ ಇನ್ನೊಂದು ಇಳಿಜಾರು. ಇಳಿದು ವಾಪಸ್ ಹತ್ತಬೇಕು. ಲೇಟಾಗುತ್ತೆ, ಪರವಾಗಿಲ್ವಾ?"

"ಹಿಂದ್ಗಡೆ ಮನೇಲಿ ಯಾರಾದ್ರೂ ಇದಾರಾ?"

"ಗೊತ್ತಿಲ್ಲ. ಬಟ್ಟೆ ಒಣಗ್ ಹಾಕಿದಾರೆ."

"ನೋಡ್ಕೊಂಡು ಬನ್ನಿ," ಎಂದು ಫೋನು ಇಟ್ಟು, ಇನ್ನೊಂದು ದಂಟು ಕೈಗೆತ್ತಿಕೊಂಡೆ.